ಎಡದೊರೆ ನಾಡಿನ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಕಾಲೇಜುಗಳಲ್ಲಿ ಸಮಾಜಶಾಸ್ತ್ರವನ್ನೋ ಇತಿಹಾಸವನ್ನೋ ಮಾನವಶಾಸ್ತ್ರವನ್ನೋ ಅಭ್ಯಾಸಮಾಡುತ್ತಿರುವ ಪ್ರಿಯ ವಿದ್ಯಾರ್ಥಿನಿಯರೇ, ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಅನೇಕರು, ಪರೀಕ್ಷೆಯ ಅಂಗವಾಗಿಯೋ ಯಾವುದೋ ಸಮೀಕ್ಷೆಯ ಗಣತಿದಾರರಾಗಿಯೋ, ಮುದ್ರಿತ ಪ್ರಶ್ನಾವಳಿಯೊಂದನ್ನು ಕೈಯಲ್ಲಿ ಹಿಡಿದು ನಮ್ಮ ಹಳ್ಳಿಗಳ ಓಣಿಗಳನ್ನು ಪ್ರವೇಶಿಸುವವರಿದ್ದೀರಿ. ಆ ಪ್ರಶ್ನಾವಳಿಯ ಮೊದಲ ಸಾಲಿನಲ್ಲಿಯೇ ಕುಟುಂಬದ ಯಜಮಾನನ ಹೆಸರನ್ನು ಕೇಳಿರುತ್ತದೆ; ಅದನ್ನು ಹೇಳಲು ಕಟ್ಟೆಯ ಮೇಲೆ ಕುಳಿತ ಗಂಡಸೊಬ್ಬನು ಸಿದ್ಧನಾಗಿರುತ್ತಾನೆ; ಮುಂದೆ ಹೆಂಡತಿಯ ಉದ್ಯೋಗವೇನೆಂಬ ಪ್ರಶ್ನೆ ಬಂದಾಗ ಅವನು ‘ಮನೆಗೆಲಸ’ ಎನ್ನುತ್ತಾನೆ, ನೀವು ಹಾಗೆಯೇ ಬರೆದುಕೊಳ್ಳುತ್ತೀರಿ; ಆ ಹೊತ್ತಿಗೆ ಆ ಹೆಣ್ಣುಮಗಳು ನಸುಕಿನಲ್ಲಿಯೇ ಎದ್ದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಹತ್ತಿ ಬಿಡಿಸಲು ಇನ್ನೊಬ್ಬರ ಹೊಲಕ್ಕೆ ಹೋಗಿರುತ್ತಾಳೆ. ಕೇಳಿದವರೂ ಸುಳ್ಳುಗಾರರಲ್ಲ, ಹೇಳಿದವನೂ ಸುಳ್ಳುಗಾರನಲ್ಲ. ಆದರೂ ಕಾಗದದ ಮೇಲೆ ಮೂಡಿದುದು ಅಸತ್ಯ. ಯಾವುದು ದುಡಿಮೆ, ಯಾರು ಯಜಮಾನ, ಯಾರ ಮಾತು ಮನೆಯ ಮಾತು ಎಂಬುದನ್ನೆಲ್ಲ ಆ ಪ್ರಶ್ನಾವಳಿಯು ನೀವು ಬಾಗಿಲು ತಟ್ಟುವ ಮೊದಲೇ ನಿರ್ಣಯಿಸಿಬಿಟ್ಟಿರುವುದೇ ಇದಕ್ಕೆ ಕಾರಣ. ಮಾನವಶಾಸ್ತ್ರವೆಂಬ ವಿದ್ಯೆಯು ಈ ಬಗೆಯ ಪೂರ್ವನಿರ್ಣಯವನ್ನು ಹೇಗೆ ಬಿಡಿಸಿ ತೋರಿಸಬಲ್ಲುದು, ಸ್ವತಃ ಅದೇ ಹೇಗೆ ಅದಕ್ಕೆ ಬಲಿಯಾಯಿತು, ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಈ ಸೀಮೆಯಲ್ಲಿ ಅದರಿಂದ ನೀವು ಮಾಡಬೇಕಾದ ಕಾರ್ಯವೇನು ಎಂಬುದನ್ನು ಕುರಿತು ನಿಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ಹೆಣ್ಣು ಹೀಗೆಯೇ ಇರತಕ್ಕದ್ದು, ಗಂಡು ಹೀಗೆಯೇ ಇರತಕ್ಕದ್ದು ಎಂಬ ನಂಬಿಕೆಯನ್ನು ಪ್ರತಿಯೊಂದು ಸಮಾಜವೂ ಪ್ರಕೃತಿಯ ನಿಯಮವೆಂದೇ ಭಾವಿಸುತ್ತದೆ. ಅದು ಪ್ರಕೃತಿಯ ನಿಯಮವಲ್ಲ, ಆಯಾ ಸಮಾಜವು ತನಗಾಗಿ ಮಾಡಿಕೊಂಡ ಏರ್ಪಾಟು ಎಂದು ತೋರಿಸಿಕೊಟ್ಟುದೇ ಮಾನವಶಾಸ್ತ್ರದ ಪರಮೋಪಕಾರ. ಅಮೆರಿಕದ ವಿದುಷಿ ಮಾರ್ಗರೆಟ್ ಮೀಡ್ 1935ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನ್ಯೂಗಿನಿಯ ಮೂರು ಜನಾಂಗಗಳನ್ನು ವರ್ಣಿಸಿದಳು: ಒಂದರಲ್ಲಿ ಸ್ತ್ರೀಪುರುಷರಿಬ್ಬರೂ ಸೌಮ್ಯರು, ಇನ್ನೊಂದರಲ್ಲಿ ಇಬ್ಬರೂ ಉಗ್ರರು, ಮೂರನೆಯದರಲ್ಲಿ ವ್ಯವಹಾರವೆಲ್ಲ ಸ್ತ್ರೀಯರದು, ಅಲಂಕಾರಪ್ರಿಯತೆ ಪುರುಷರದು ಎಂದು ಅವಳು ಬರೆದಳು. ಅವಳ ನಿರೀಕ್ಷಣೆಗಳನ್ನು ಅನಂತರದವರು ಪ್ರಶ್ನಿಸದೆ ಬಿಡಲಿಲ್ಲ. ಸಮೋವಾ ದ್ವೀಪದ ಮೇಲಿನ ಅವಳ ಮೊದಲ ಗ್ರಂಥವನ್ನು ಡೆರೆಕ್ ಫ್ರೀಮನ್ 1983ರಲ್ಲಿ ತೀವ್ರವಾಗಿ ಖಂಡಿಸಿದನು. ವಿವರಗಳು ತಿದ್ದುಪಡಿಯಾದರೂ ಅವಳು ಎತ್ತಿದ ಪ್ರಶ್ನೆ ಉಳಿದುಕೊಂಡಿತು. ಆದರೆ ಆ ಪ್ರಶ್ನೆಗೆ ಉದಾಹರಣೆಯನ್ನು ಹುಡುಕಿಕೊಂಡು ನಾವು ನ್ಯೂಗಿನಿಯವರೆಗೆ ಹೋಗಬೇಕಾಗಿಲ್ಲ. ತುಂಗಭದ್ರೆಯ ಎರಡೂ ದಂಡೆಗಳ ನಮ್ಮ ಹಳ್ಳಿಗಳಲ್ಲಿಯೇ, ನಾವು ತಲೆತಗ್ಗಿಸಿಕೊಂಡು ಮಾತನಾಡುವ, ಅಥವಾ ಮಾತನಾಡದೆಯೇ ಬಿಟ್ಟುಬಿಡುವ ಒಂದು ಆಚರಣೆಯೊಳಗೆ ಅದು ಅಡಗಿದೆ.

ಬಸವಿ ಬಿಡುವ ಪದ್ಧತಿಯ ಮಾತನ್ನು ಹೇಳುತ್ತಿದ್ದೇನೆ. ಮದ್ರಾಸು ಪ್ರಾಂತ್ಯದಲ್ಲಿ ಪೊಲೀಸು ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ ಎಂಬಾತನು, 1890ರ ಆಸುಪಾಸಿನಲ್ಲಿ, ಹೊಳೆಯಾಚೆಯ ಬಳ್ಳಾರಿ ಸೀಮೆಯ ಬಸವಿಯರನ್ನು ಕುರಿತು ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಗೆ ಒಂದು ಲೇಖನವನ್ನು ಬರೆದನು. ದೇವರಿಗೆ ಅರ್ಪಿತರಾಗುವುದರ ಮೂಲಕ ಪುರುಷರ ಹಕ್ಕುಗಳನ್ನು ಪಡೆಯುವ ಸ್ತ್ರೀಯರು ಎಂಬ ಅರ್ಥದ ಮಾತನ್ನು ಅವನು ಅದರ ಶೀರ್ಷಿಕೆಯಲ್ಲಿಯೇ ಇಟ್ಟನು. ಗಂಡುಸಂತಾನವಿಲ್ಲದ ತಂದೆತಾಯಿಗಳು ತಮ್ಮ ಮಗಳೊಬ್ಬಳನ್ನು ದೇವರ ಹೆಸರಿನಲ್ಲಿ ಬಿಡುತ್ತಿದ್ದರು. ಅವಳು ಮದುವೆಯಾಗಿ ಪರರ ಮನೆಗೆ ಹೋಗದೆ ಹುಟ್ಟಿದ ಮನೆಯಲ್ಲಿಯೇ ಉಳಿಯುತ್ತಿದ್ದಳು. ಅವಳಿಗೆ ಹುಟ್ಟಿದ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರಿದವರಾಗುತ್ತಿದ್ದರು. ತಂದೆಯ ಹೊಲಮನೆಗಳಿಗೆ ಅವಳು ಮಗನಂತೆಯೇ ವಾರಸುದಾರಳಾಗುತ್ತಿದ್ದಳು. ಅವನು ತೀರಿಕೊಂಡಾಗ ಉತ್ತರಕ್ರಿಯೆಗಳನ್ನು ನಡೆಸುವ ಅಧಿಕಾರವೂ ಅವಳದೇ ಆಗುತ್ತಿತ್ತು. ಎಡ್ಗರ್ ಥರ್ಸ್ಟನ್ ಎಂಬಾತನು ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶದಲ್ಲಿಯೂ ಬಸವಿಯರ ಸಂಗತಿ ಬರುತ್ತದೆ.

ಈ ವರ್ಣನೆಯನ್ನು ಸಾವಧಾನವಾಗಿ ಓದಿದರೆ ಅದರಿಂದ ಹೊರಡುವ ಅರ್ಥ ಗಂಭೀರವಾದುದು. ಮಗ ಎಂದರೆ ಒಂದು ಬಗೆಯ ಶರೀರವನ್ನು ಹೊತ್ತು ಹುಟ್ಟಿದವನೆಂದು ನಾವು ತಿಳಿದಿದ್ದೇವಷ್ಟೆ. ಆದರೆ ಈ ಹಳ್ಳಿಗಳ ನಿರಕ್ಷರ ಜನರ ತಿಳಿವಳಿಕೆಯಲ್ಲಿ ಮಗ ಎಂಬುದು ಒಂದು ಸ್ಥಾನವಾಗಿದ್ದಿತು, ಹೊಲವನ್ನು ಹಿಡಿಯುವ, ಹೆಸರನ್ನು ಮುಂದುವರಿಸುವ, ಮಣ್ಣು ಮಾಡುವ ಅಧಿಕಾರಗಳ ಸಮುಚ್ಚಯವಾಗಿದ್ದಿತು. ಆ ಸ್ಥಾನದಲ್ಲಿ ಕೂರಿಸಲು ಗಂಡು ಇಲ್ಲದಿದ್ದಾಗ ಹೆಣ್ಣನ್ನು ತಂದು ಕೂರಿಸುವುದು ಅವರಿಗೆ ಸಾಧ್ಯವಾಗಿದ್ದಿತು. ಲಿಂಗತ್ವವೆಂಬುದು ಸಮಾಜನಿರ್ಮಿತವೆಂಬ ಯಾವ ಸಿದ್ಧಾಂತವನ್ನು ನೀವು ಇಂದು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೀರೋ ಅದನ್ನು ನಿಮ್ಮ ಅಜ್ಜಿಯ ಅಜ್ಜಿಯ ಕಾಲದವರು ಸಿದ್ಧಾಂತವೆಂದು ಹೆಸರಿಸದೆ ಆಚರಿಸಿದ್ದರು.

ಆದರೆ ಇಲ್ಲಿಗೇ ನಿಂತು ಆನಂದಪಡುವುದು ಅನ್ಯಾಯವಾದೀತು. ಅದೇ ಸಮಾಜವು, ಮಗಳನ್ನು ಮಗನನ್ನಾಗಿ ಮಾಡಬಲ್ಲ ಸಾಮರ್ಥ್ಯವುಳ್ಳ ಆ ಸಮಾಜವು, ಮಗಳನ್ನು ಮಗಳಾಗಿಯೇ ಇರಗೊಟ್ಟು ಅವಳಿಗೊಂದು ತುಂಡು ಹೊಲವನ್ನು ಕೊಡಲಾರದೆ ಹೋಯಿತು. ಆಸ್ತಿಯ ಹಕ್ಕಿಗೆ ಅವಳು ತೆತ್ತ ಬೆಲೆ ದಾಂಪತ್ಯ. ಅಷ್ಟೇ ಅಲ್ಲ, ಕಾಲಕ್ರಮದಲ್ಲಿ, ಹೀಗೆ ದೇವರಿಗೆ ಅರ್ಪಿತರಾಗಿ ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಮಂದಿ ಹೊಲವೇ ಇಲ್ಲದ ದಲಿತ ಮನೆಗಳ ಹೆಣ್ಣುಮಕ್ಕಳಾದರು. ವಾರಸಿಗೆ ಏನೂ ಇಲ್ಲದ ಮನೆಯಲ್ಲಿ ವಾರಸುದಾರಿಕೆಯ ಅರ್ಥವು ಕಳಚಿಹೋಗಿ, ವೃದ್ಧ ತಂದೆತಾಯಿಗಳನ್ನೂ ತಮ್ಮಂದಿರನ್ನೂ ತಂಗಿಯರನ್ನೂ ದುಡಿದು ಸಾಕುವ ಭಾರವೊಂದೇ ಅವಳ ಪಾಲಿಗೆ ಉಳಿಯಿತು. ಊರಿನ ಬಲಿಷ್ಠರ ಭೋಗಕ್ಕೆ ದೇವರ ಹೆಸರು ಮರೆಯಾಯಿತು. ಹರಕೆ, ಕಾಯಿಲೆ, ತಲೆಯಲ್ಲಿ ಜಡೆ ಕಾಣಿಸಿಕೊಂಡಿತೆಂಬ ಭಯ, ಇವೆಲ್ಲ ಆ ಬಾಲಿಕೆಯನ್ನು ಗುಡಿಯ ಮುಂದೆ ತಂದು ನಿಲ್ಲಿಸಲು ನೆಪಗಳಾದುವು. ಇದನ್ನು ಸಂಸ್ಕೃತಿಯೆಂದು ಕರೆದು ರಕ್ಷಿಸಬೇಕೆನ್ನುವವರು ಯಾರಾದರೂ ಇದ್ದರೆ ಅವರೊಡನೆ ನನಗೆ ವಾದವಿಲ್ಲ, ವಿರೋಧವಿದೆ.

ಹೀಗೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಶಾಸನವು ಕರ್ನಾಟಕದಲ್ಲಿ 1982ರಲ್ಲಿ ರಚಿತವಾಯಿತು. ಹಾಗಿದ್ದೂ 2007–08ರ ಸರಕಾರೀ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಮಿಕ್ಕ ದೇವದಾಸಿಯರ ಹೆಸರುಗಳು ದಾಖಲಾದುವು. ನಮ್ಮ ರಾಯಚೂರು ಜಿಲ್ಲೆಯೂ ಆ ಸಮೀಕ್ಷೆ ನಡೆದ ಜಿಲ್ಲೆಗಳಲ್ಲಿ ಒಂದು. ಶಾಸನದ ದೃಷ್ಟಿಯಲ್ಲಿ ಅವರು ಮೌಢ್ಯಕ್ಕೆ ತುತ್ತಾದವರು, ಪುನರ್ವಸತಿಗೆ ಅರ್ಹರು. ಆ ದೃಷ್ಟಿ ಕ್ರೂರವಾದುದಲ್ಲ. ಆದರೆ ಅದು ಅಪೂರ್ಣವಾದುದು. ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರಾಂಬರ್ಗ್ ಉತ್ತರ ಕರ್ನಾಟಕದಲ್ಲಿ ಬಹುಕಾಲವಿದ್ದು, ಎಲ್ಲಮ್ಮನಿಗೆ ಮುಡಿಪಾದ ಸ್ತ್ರೀಯರ ನಡುವೆ ಕುಳಿತು, 2014ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಈ ಸ್ತ್ರೀಯರು ತಮ್ಮನ್ನು ದೇವಿಗೆ ವಿವಾಹಿತರೆಂದು ಭಾವಿಸುತ್ತಾರೆ, ಮನೆತನದ ಗಂಡುಮಕ್ಕಳ ಕರ್ತವ್ಯಗಳನ್ನು ಹೊರುತ್ತಾರೆ. ಆದರೆ ಕಾನೂನು ಆ ಬಾಂಧವ್ಯವನ್ನು ಬಾಂಧವ್ಯವೆಂದೇ ಎಣಿಸುವುದಿಲ್ಲ ಎಂಬುದು ರಾಂಬರ್ಗರ ವಾದದ ಸಾರ. ಆ ವಾದದ ಎಲ್ಲ ಭಾಗಗಳನ್ನೂ ನಾನು ಒಪ್ಪಲಾರೆ. ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡವಳ ಸಮ್ಮತಿಯ ಪ್ರಶ್ನೆ ಅಲ್ಲಿ ಇನ್ನಷ್ಟು ಭಾರವಾಗಿ ತೂಗಬೇಕಾಗಿತ್ತೆಂದು ನನ್ನ ಭಾವನೆ. ಆದರೂ ಅವರು ಕೇಳಿದ ಪ್ರಶ್ನೆ ನಮ್ಮ ಕಚೇರಿಗಳಲ್ಲಿ ಯಾರೂ ಕೇಳದ ಪ್ರಶ್ನೆ: ಇವಳು ತನ್ನನ್ನು ತಾನು ಯಾರೆಂದು ತಿಳಿದುಕೊಂಡಿದ್ದಾಳೆ?

ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಅಂಕಣದ ಮುಂದೆ ಬಾಯಿ ಕಟ್ಟಿದಂತಾಗಿ ನಿಂತ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿಯೋ. ಬಸವಿಯ ಪದ್ಧತಿಯು ತನ್ನ ಮೂಲಸ್ವರೂಪದಲ್ಲಿ ಆ ಮಗುವಿಗೆ ತಾಯಿಯ ತಂದೆಯ ಮನೆತನವನ್ನು ಕೊಟ್ಟಿತ್ತು. ಆಧುನಿಕ ಕಚೇರಿಯು ಆ ಮನೆತನವನ್ನು ಅಳಿಸಿ ಅದರ ಜಾಗದಲ್ಲಿ ಒಂದು ಖಾಲಿ ಗೆರೆಯನ್ನು ಬಿಟ್ಟಿತು. ದೇವದಾಸಿ ಮಹಿಳೆಯರ ವಿಮೋಚನಾ ಸಂಘಟನೆಗಳು ವರ್ಷಗಳ ಕಾಲ ಬೀದಿಯಲ್ಲಿ ನಿಂತು ಕೇಳಿದುದರ ಫಲವಾಗಿ, ಈ ಮಕ್ಕಳ ಗುರುತು ಮತ್ತು ಆಸ್ತಿಯ ಹಕ್ಕುಗಳನ್ನು ಒಳಗೊಂಡ ಹೊಸ ಮಸೂದೆಯನ್ನು 2025ರಲ್ಲಿ ನಮ್ಮ ವಿಧಾನಮಂಡಲವು ಅಂಗೀಕರಿಸಿತು. ಆಚರಣೆಯನ್ನು ಅರಿತುಕೊಳ್ಳುವುದೆಂದರೆ ಅದನ್ನು ಕ್ಷಮಿಸುವುದಲ್ಲ. ಅರಿತುಕೊಳ್ಳದೆ ಮಾಡಿದ ಸುಧಾರಣೆಯು ಯಾರನ್ನು ಉದ್ಧರಿಸಹೊರಟಿತೋ ಅವರ ಮಕ್ಕಳ ಕೈಯಿಂದಲೇ ಏನನ್ನೋ ಕಸಿದುಕೊಳ್ಳುತ್ತದೆ ಎಂಬುದಕ್ಕೆ ಆ ಖಾಲಿ ಗೆರೆಗಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಜೋಗಪ್ಪಂದಿರ ವಿಷಯವನ್ನು ಇದೇ ಸಂದರ್ಭದಲ್ಲಿ ನೆನೆಯಬೇಕು. ಗಂಡಾಗಿ ಹುಟ್ಟಿ, ಎಲ್ಲಮ್ಮನ ಅಥವಾ ಹುಲಿಗೆಮ್ಮನ ಕರೆ ಬಂದಿತೆಂದು ಸೀರೆಯುಟ್ಟು, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಇವರನ್ನು ನಮ್ಮ ಹಳ್ಳಿಯ ಹೆಂಗಸರು ಅಂಗಳಕ್ಕೆ ಕರೆದು ಕಾಲಿಗೆ ನೀರೆರೆದು ಪಡಲಿಗೆಗೆ ಜೋಳ ನೀಡುತ್ತ ಬಂದಿದ್ದಾರೆ. ಹುಲಿಗೆಮ್ಮನ ಕ್ಷೇತ್ರವಾದ ಹುಲಿಗಿಯು, 1997ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಗುವವರೆಗೆ, ನಮ್ಮ ರಾಯಚೂರು ಜಿಲ್ಲೆಯಲ್ಲಿಯೇ ಇದ್ದಿತೆಂಬುದನ್ನು ನಿಮ್ಮಲ್ಲಿ ಕಿರಿಯರು ಅರಿತಿರಲಾರಿರಿ. ಇವರಲ್ಲೊಬ್ಬರಾದ ಬಳ್ಳಾರಿ ಸೀಮೆಯ ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಆದರೆ ಪೂಜೆಯ ದಿನ ಅಂಗಳದಲ್ಲಿ ದೊರೆಯುವ ಗೌರವವು ಮಾರನೆಯ ದಿನ ಬಾಡಿಗೆಯ ಮನೆ ಕೇಳಿದಾಗ ದೊರೆಯುವುದಿಲ್ಲ. ಈ ಅಂತರವನ್ನು ಅಳೆದು ಬರೆಯುವುದು ನಿಮ್ಮಂಥವರ ಕೆಲಸ.

ಇಷ್ಟು ಹೇಳಿದ ಮೇಲೆ ಮಾನವಶಾಸ್ತ್ರದ ದೋಷಗಳನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಮೇಲೆ ಹೆಸರಿಸಿದ ಥರ್ಸ್ಟನ್ನನು ಮದ್ರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿ. ಜನರ ತಲೆಬುರುಡೆ ಮತ್ತು ಮೂಗುಗಳನ್ನು ಅಳತೆಯ ಸಾಧನಗಳಿಂದ ಅಳೆದು, ಆ ಅಂಕಿಗಳಿಂದ ಜಾತಿಗಳನ್ನು ವರ್ಗೀಕರಿಸಬಹುದೆಂದು ನಂಬಿದವನು. ನಮ್ಮ ಸೀಮೆ ಆಗ ನಿಜಾಮನ ಆಳ್ವಿಕೆಯಲ್ಲಿದ್ದಿತು. ಅಲ್ಲಿ ಸೈಯದ್ ಸಿರಾಜುಲ್ ಹಸನ್ ಎಂಬವರು 1920ರಲ್ಲಿ ನಿಜಾಮರ ಸಂಸ್ಥಾನದ ಜಾತಿ ಬುಡಕಟ್ಟುಗಳ ಗ್ರಂಥವನ್ನು ಹೊರತಂದರು. ಈ ಗ್ರಂಥಗಳಲ್ಲಿ ಹೆಣ್ಣುಮಕ್ಕಳು ವಿವಾಹಪದ್ಧತಿ, ಸೂತಕ, ಉಡುಗೆತೊಡುಗೆ ಎಂಬ ತಲೆಬರಹಗಳ ಕೆಳಗೆ ಕಾಣಿಸಿಕೊಳ್ಳುತ್ತಾರೆ. ಮಾತನಾಡುವವರಾಗಿ ಕಾಣಿಸಿಕೊಳ್ಳುವುದು ತೀರ ಅಪರೂಪ. ಪರರನ್ನು ಆಳುವುದಕ್ಕಾಗಿ ಅವರನ್ನು ತಿಳಿದುಕೊಳ್ಳಹೊರಟ ವಿದ್ಯೆಯ ಜನ್ಮದೋಷವಿದು.

ಆ ದೋಷವು ಮಹಾವಿದ್ವಾಂಸರನ್ನೂ ಬಿಡಲಿಲ್ಲ. ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವಾಸಮಾಡಿ ಕ್ಷೇತ್ರಕಾರ್ಯಕ್ಕೆ ಹೊಸ ಶಿಸ್ತನ್ನು ತಂದ ಮಲಿನೋವ್‌ಸ್ಕಿಯು 1922ರ ತನ್ನ ಗ್ರಂಥದಲ್ಲಿ ಗಂಡಸರು ದೋಣಿಗಳನ್ನೇರಿ ಹೋಗಿ ಹಾರ, ಕಡಗಗಳನ್ನು ವಿನಿಮಯ ಮಾಡಿಕೊಳ್ಳುವುದನ್ನು ವಿಸ್ತಾರವಾಗಿ ವರ್ಣಿಸಿದನು. ಅರ್ಧಶತಮಾನದ ಅನಂತರ ಆ ದ್ವೀಪಗಳಿಗೇ ಹೋದ ಆನೆಟ್ ವೀನರ್ ಎಂಬಾಕೆಯು, ಸಾವು ಸಂಭವಿಸಿದ ಮನೆಯ ಮುಂದೆ ಹೆಂಗಸರು ಬಾಳೆಯೆಲೆಯ ಕಟ್ಟುಗಳನ್ನು ರಾಶಿರಾಶಿಯಾಗಿ ಹಂಚುವುದನ್ನು ಕಂಡು, ಇದೂ ಒಂದು ಸಂಪತ್ತು, ಇದರ ಒಡತಿಯರು ಹೆಂಗಸರು, ಬಾಂಧವ್ಯದ ಋಣಗಳೆಲ್ಲ ಇದರಲ್ಲಿ ತೀರುತ್ತವೆ ಎಂದು 1976ರ ತನ್ನ ಗ್ರಂಥದಲ್ಲಿ ಸ್ಥಾಪಿಸಿದಳು. ಮಲಿನೋವ್‌ಸ್ಕಿಯ ಕಣ್ಣೆದುರಿಗೇ ಇದ್ದು ಅವನ ಗಣನೆಗೆ ಬಾರದೆಹೋದ ಸಂಪತ್ತು ಅದು.

ಈ ಕಥೆಯನ್ನು ಓದಿದಾಗ ನನ್ನ ಮನಸ್ಸು ತಟ್ಟನೆ ಉಡಿ ತುಂಬುವ ನಮ್ಮ ಪದ್ಧತಿಯತ್ತ ಹರಿಯಿತು. ತವರಿಗೆ ಬಂದ ಮಗಳಿಗೆ, ಬಸುರಿಗೆ, ಬಾಣಂತಿಗೆ, ಮನೆಗೆ ಬಂದ ಮುತ್ತೈದೆಗೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆ, ಅಡಿಕೆಗಳೊಡನೆ ಒಂದು ಖಣವನ್ನಿಟ್ಟು ಉಡಿ ತುಂಬುತ್ತೇವಲ್ಲವೇ? ಆ ಖಣವನ್ನು ಪಡೆದವಳು ಹೊಲಿಸಿಕೊಂಡಾಳೆಂದು ಕೊಟ್ಟವಳು ನಿರೀಕ್ಷಿಸುವುದಿಲ್ಲ. ಅದು ಟ್ರಂಕಿನಲ್ಲಿ ಕೆಲಕಾಲವಿದ್ದು ಇನ್ನೊಂದು ಮನೆಯ ಉಡಿಗೆ, ಅಲ್ಲಿಂದ ಮತ್ತೊಂದು ಮನೆಯ ಉಡಿಗೆ ಸಾಗುತ್ತದೆ. ಯಾರ ಮನೆಯಿಂದ ಯಾವ ಖಣ ಬಂದಿತು, ಅದಕ್ಕೆ ಪ್ರತಿಯಾಗಿ ಏನು ಹೋಗಬೇಕು, ಯಾರು ಮರೆತರು, ಯಾರು ಅವಮಾನಿಸಿದರು ಎಂಬ ಲೆಕ್ಕವು ಪುಸ್ತಕವಿಲ್ಲದೆಯೇ ಹೆಂಗಸರ ಸ್ಮೃತಿಯಲ್ಲಿ ವರ್ಷಾನುವರ್ಷ ಕ್ರಮವಾಗಿರುತ್ತದೆ. ಎರಡು ಮನೆತನಗಳು ಮುನಿಸಿಕೊಂಡುದೂ ಕೂಡಿಕೊಂಡುದೂ ಮೊದಲು ತಿಳಿಯುವುದು ಈ ಲೆಕ್ಕದಲ್ಲಿ. ಗಂಜ್ ಮಾರುಕಟ್ಟೆಯಲ್ಲಿ ಹತ್ತಿ, ಮೆಣಸಿನಕಾಯಿಗಳ ವ್ಯಾಪಾರವನ್ನು ಅಂಕಿ ಅಂಶಗಳೊಡನೆ ಬರೆದಿಡುವ ನಾವು ಇದನ್ನು ಅರ್ಥವ್ಯವಸ್ಥೆಯ ಅಂಗವೆಂದು ಎಣಿಸಿಲ್ಲ.

ಭೂಮಿಯ ಪ್ರಶ್ನೆಯೂ ಇದರೊಳಗೆ ಸುತ್ತಿಕೊಂಡಿದೆ. ಹಿಂದೂ ಉತ್ತರಾಧಿಕಾರ ಶಾಸನಕ್ಕೆ ಕರ್ನಾಟಕವು 1994ರಲ್ಲಿಯೇ ತಿದ್ದುಪಡಿಯನ್ನು ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲನ್ನು ಕೊಟ್ಟಿತು, ಅಂದಿಗಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತಾದರೂ. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನೂ ತೆಗೆಯಿತು. ಹಾಗಿದ್ದರೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರು ನೋಂದಣಿ ಕಚೇರಿಗೆ ಬಂದು ತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಹೆಬ್ಬೆಟ್ಟೊತ್ತಿ ಹೋಗುತ್ತಾರೆ. ಅಜ್ಞಾನವೇ ಇದಕ್ಕೆ ಕಾರಣವೆನ್ನುವವರು ಪಂಚಮಿಯ ಹಬ್ಬವನ್ನು ಕಣ್ಣುಬಿಟ್ಟು ನೋಡಿದವರಲ್ಲ. ನಾಗರಪಂಚಮಿಗೆ ಅಣ್ಣ ಕರೆಯಲು ಬರುವನೋ ಇಲ್ಲವೋ, ಉಂಡಿಯ ಬುಟ್ಟಿ ಬರುವುದೋ ಇಲ್ಲವೋ, ಜೋಕಾಲಿಯಾಡಲು ತನಗೊಂದು ತವರು ಉಳಿದಿದೆಯೋ ಇಲ್ಲವೋ, ಗಂಡನ ಮನೆಯಲ್ಲಿ ತೊಂದರೆಯಾದರೆ ಬಂದು ತಂಗಲು ಒಂದು ಬಾಗಿಲು ತೆರೆದಿರುವುದೋ ಇಲ್ಲವೋ, ಇವೆಲ್ಲವನ್ನೂ ತೂಗಿ ನೋಡಿಯೇ ಅವಳು ಆ ಎರಡೆಕರೆಯನ್ನು ಬಿಡುತ್ತಾಳೆ. ದಾನಕ್ಕೆ ಪ್ರತಿದಾನವುಂಟು, ಉಚಿತವಾದ ದಾನವೆಂಬುದೇ ಇಲ್ಲ ಎಂದು ಫ್ರಾನ್ಸಿನ ಮಾರ್ಸೆಲ್ ಮೌಸ್ 1925ರಲ್ಲಿ ಪ್ರತಿಪಾದಿಸಿದುದನ್ನು ನೀವು ಓದಿರಬಹುದು. ಮಾನ್ವಿಯ ನೋಂದಣಿ ಕಚೇರಿಯ ಜಗಲಿಯ ಮೇಲೆ ಕುಳಿತರೆ ಅದನ್ನು ಕಣ್ಣಾರೆ ಕಾಣಬಹುದು. ಅವಳ ಲೆಕ್ಕಾಚಾರವು ವಿವೇಕಯುತವಾದುದೇ. ಅವಳನ್ನು ಅಂತಹ ಲೆಕ್ಕಾಚಾರಕ್ಕೆ ಗುರಿಪಡಿಸಿದ ವ್ಯವಸ್ಥೆಯು ಅನ್ಯಾಯದ್ದು. ತವರೂ ಬೇಕು, ಹೊಲವೂ ಬೇಕು ಎಂದು ಅಣ್ಣನು ಕೇಳಬಲ್ಲ, ತಂಗಿಯು ಕೇಳಲಾರಳು.

ನಮ್ಮ ದೇಶದ ಹಿರಿಯ ಮಾನವಶಾಸ್ತ್ರಜ್ಞೆಯಾಗಿದ್ದ ಲೀಲಾ ದುಬೆಯವರು 1986ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಪುರುಷನನ್ನು ಬೀಜವೆಂದೂ ಸ್ತ್ರೀಯನ್ನು ಕ್ಷೇತ್ರವೆಂದೂ ಕಾಣುವ ನಮ್ಮ ಪುರಾತನ ರೂಪಕವನ್ನು ಪರಿಶೀಲಿಸಿ, ಬೆಳೆಯು ಬೀಜದವನಿಗೆ ಸೇರುವುದೆಂಬ ಭಾವನೆಯೇ ಮಕ್ಕಳ ಮೇಲೂ ಭೂಮಿಯ ಮೇಲೂ ಸ್ತ್ರೀಗೆ ಹಕ್ಕಿಲ್ಲದಂತೆ ಮಾಡಿತೆಂದು ತೋರಿಸಿದರು. ಬಿತ್ತುವುದು, ಕಳೆ ತೆಗೆಯುವುದು, ಭತ್ತದ ನಾಟಿ ಮಾಡುವುದು, ಹತ್ತಿ ಬಿಡಿಸುವುದು ಎಲ್ಲವನ್ನೂ ಹೆಣ್ಣುಮಕ್ಕಳೇ ಮಾಡುತ್ತಿರುವ ಈ ಕರಿಮಣ್ಣಿನ ನಾಡಿನಲ್ಲಿ ಆ ಪ್ರಬಂಧವನ್ನು ಓದದೆ ಯಾವ ವಿದ್ಯಾರ್ಥಿಯೂ ಪದವಿಯನ್ನು ಪಡೆಯಬಾರದೆಂದು ನಾನು ಹೇಳುತ್ತೇನೆ.

ಕನ್ನಡನಾಡಿನವರೇ ಆದ ಎಂ. ಎನ್. ಶ್ರೀನಿವಾಸರನ್ನು ನೀವು ಪಠ್ಯದಲ್ಲಿ ಓದುತ್ತೀರಿ. ಸಂಸ್ಕೃತೀಕರಣವೆಂಬ ಅವರ ಪರಿಕಲ್ಪನೆಯ ಮೇಲೆ ಪ್ರಶ್ನೆ ಬಾರದ ಪರೀಕ್ಷೆಯಿಲ್ಲ. ಆದರೆ ಕೆಳಗಿನ ಜಾತಿಯು ಮೇಲಿನವರನ್ನು ಅನುಕರಿಸಿ ಮೇಲೇರುವಾಗ ಅದರ ಬೆಲೆಯನ್ನು ತೆರುವವರು ಆ ಜಾತಿಯ ಹೆಂಗಸರು ಎಂಬುದನ್ನೂ ಅವರು ಬರೆದಿದ್ದರೆಂದು ಎಷ್ಟು ಮಂದಿ ಗಮನಿಸಿದ್ದೀರಿ? ನಮ್ಮ ಕಡೆಯ ಅನೇಕ ಸಮುದಾಯಗಳಲ್ಲಿ ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಉಡಿಕೆಯಾಗಿ ಮರುಮದುವೆ ಮಾಡಿಕೊಳ್ಳುವುದು ಸಹಜವಾಗಿತ್ತು. ವಧುವಿನ ಮನೆಗೆ ತೆರ ಕೊಡುವುದು ರೂಢಿಯಾಗಿತ್ತು. ಮನೆತನವು ಸ್ಥಿತಿವಂತವಾದೊಡನೆ ಉಡಿಕೆಯು ನಾಚಿಕೆಯ ಮಾತಾಯಿತು, ತೆರ ಹೋಗಿ ವರದಕ್ಷಿಣೆ ಬಂದಿತು, ಹೊಲಕ್ಕೆ ಹೋಗುತ್ತಿದ್ದವಳು ಒಳಮನೆಗೆ ಸೇರಿದಳು. ಅಭ್ಯುದಯವೆಂದು ಗಂಡಸರು ಕರೆದುದು ಅವಳ ಪಾಲಿಗೆ ಸಂಕೋಚವಾಯಿತು. ಅಷ್ಟು ಸೂಕ್ಷ್ಮದೃಷ್ಟಿಯ ಶ್ರೀನಿವಾಸರೂ ಮೈಸೂರು ಸೀಮೆಯ ರಾಂಪುರದಲ್ಲಿ ವಾಸವಾಗಿದ್ದಾಗ ಮೇಲ್ಜಾತಿಯ ಪುರುಷರಾದ ತಮಗೆ ಹೆಂಗಸರ ಜಗತ್ತೂ ದಲಿತರ ಕೇರಿಯೂ ಸುಲಭವಾಗಿ ತೆರೆಯಲಿಲ್ಲವೆಂಬುದನ್ನು ಅರಿತಿದ್ದರು.

ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ, ಕಾಲುವೆಯ ನೀರು ಬಂದ ಒಂದರಲ್ಲಿಯೂ ಬಾರದ ಇನ್ನೊಂದರಲ್ಲಿಯೂ, ಅಧ್ಯಯನ ನಡೆಸಿ 1962ರಲ್ಲಿ ಗ್ರಂಥವನ್ನು ಪ್ರಕಟಿಸಿದಳು. ನೀರು ಬಂದ ಹಳ್ಳಿಯು ಒಕ್ಕಲುತನದಲ್ಲಿಯೇ ಸಮೃದ್ಧವಾಗಿ ಹಳೆಯ ಸಾಮಾಜಿಕ ಕಟ್ಟಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಒಣಹಳ್ಳಿಯವರು ಹೊರಗಿನ ಉದ್ಯೋಗಗಳನ್ನು ಹುಡುಕಿಕೊಂಡು ಹೋಗಿದ್ದರಿಂದ ಅಲ್ಲಿಯೇ ಹೆಚ್ಚಿನ ಬದಲಾವಣೆ ನಡೆಯಿತು ಎಂಬುದು ಅವಳ ನಿರ್ಣಯ. ಈಗ ನಿಮ್ಮ ಸೀಮೆಯನ್ನು ನೋಡಿರಿ: ಮಾನ್ವಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದು, ಭತ್ತದ ಗದ್ದೆಗಳೂ ಆಂಧ್ರದ ಒಕ್ಕಲಿಗರ ಕ್ಯಾಂಪುಗಳೂ ಎದ್ದು, ನಾಟಿಯ ಗುಂಪುಗಳಲ್ಲಿ ಹೆಂಗಸರ ಕೂಲಿಯು ಹೊಸ ಸ್ವರೂಪವನ್ನು ತಾಳಿತು, ಅದೇ ಕಾಲುವೆಯ ಕೊನೆಯ ಭಾಗದವರು ವರ್ಷವರ್ಷವೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆಯ ಕಾಲುವೆಯ ನೀರು ಬಹಳ ತಡವಾಗಿ ತಲುಪಿತು. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯು ಆ ತಾಲ್ಲೂಕನ್ನು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಅಲ್ಲಿಯ ತಾಂಡಾಗಳಿಂದಲೂ ಹಳ್ಳಿಗಳಿಂದಲೂ ಸಂಸಾರಸಮೇತ ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುವುದು ಇಂದಿಗೂ ನಿಂತಿಲ್ಲ. ಗುಳೆ ಹೋದಲ್ಲಿ ಕೂಲಿಯ ಹಣ ಯಾರ ಕೈಗೆ ಬರುತ್ತದೆ? ಊರಿನಲ್ಲಿ ಉಳಿದ ಮುದುಕಿಯು ಮೊಮ್ಮಕ್ಕಳನ್ನು ಯಾವ ಅಧಿಕಾರದಿಂದ ಸಾಕುತ್ತಾಳೆ? ನೀರು ಬಂದ ಊರಿನಲ್ಲಿ ವರದಕ್ಷಿಣೆ ಏರಿತೇ, ಬಾರದ ಊರಿನಲ್ಲಿ ಹುಡುಗಿಯ ಮದುವೆಯ ವಯಸ್ಸು ಇಳಿಯಿತೇ? ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ದಕ್ಷಿಣದ ಪದ್ಧತಿಯಿಂದ ವಧುವು ಅಪರಿಚಿತರ ನಡುವೆ ಬೀಳುವುದಿಲ್ಲವೆಂದು ಇರಾವತಿ ಕರ್ವೆಯವರು 1953ರಲ್ಲಿ ಬರೆದರಲ್ಲ, ಅತ್ತೆಯೇ ಅಜ್ಜಿಯಾದ ಮನೆಯಲ್ಲಿ ಸೊಸೆಯ ದುಃಖ ನಿಜವಾಗಿ ಹಗುರವಾಯಿತೇ, ಅಥವಾ ಹೇಳಿಕೊಳ್ಳಲು ಹೊರಗಿನವರೇ ಇಲ್ಲದಂತಾಗಿ ಇನ್ನಷ್ಟು ಭಾರವಾಯಿತೇ? ಎಪ್‌ಸ್ಟೈನಳು ಮಂಡ್ಯಕ್ಕೆ ಮಾಡಿದುದನ್ನು ಮಾನ್ವಿ ದೇವದುರ್ಗಗಳಿಗೆ ಮಾಡಲು ಪರದೇಶದಿಂದ ಯಾರೂ ಬರಬೇಕಾಗಿಲ್ಲ.

ನಮ್ಮ ಸೀಮೆಯ ಬರಹಗಳನ್ನು ನಾವು ಅಲಕ್ಷಿಸಿಲ್ಲ. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವು 1915ರಲ್ಲಿ ಬೆಳಕಿಗೆ ಬಂದು ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಲೋಕಕ್ಕೆ ಸಾರಿತು. ರಾಯಚೂರಿನ ಕೋಟೆಯ 1294ರ ಬೃಹತ್ ಶಿಲೆಯ ಬರಹವನ್ನು ಓದಿದ್ದೇವೆ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಜನಿಸಿದ ವಿಜಯದಾಸರ, ಮಾನ್ವಿಯಲ್ಲಿಯೇ ನೆಲಸಿದ ಜಗನ್ನಾಥದಾಸರ ಕೃತಿಗಳನ್ನು ಸಂಪಾದಿಸಿದ್ದೇವೆ. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ. ಆದರೆ 2011ರ ಜನಗಣತಿಯ ಕಾಲಕ್ಕೂ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಮೆಯಾಗಿದ್ದರೆಂದ ಮೇಲೆ, ಅವರು ಕಂಡುದು, ತಿಳಿದುದು, ತರ್ಕಿಸಿದುದು ಯಾವ ಕಲ್ಲಿನಲ್ಲಿಯೂ ಯಾವ ಓಲೆಯಲ್ಲಿಯೂ ಇರ‍ಲಾರದು. ಬಸವಿಯಾಗಿ ತಂದೆಗೆ ಮಣ್ಣು ಕೊಟ್ಟವಳ, ಉಡಿಕೆಯಾಗಿ ಎರಡನೆಯ ಮನೆಯನ್ನು ಕಟ್ಟಿದವಳ, ತೆರದ ಕಾಲವನ್ನೂ ವರದಕ್ಷಿಣೆಯ ಕಾಲವನ್ನೂ ಕಂಡವಳ ನೆನಪು ಅವಳೊಡನೆಯೇ ಹೋಗಿಬಿಡುತ್ತದೆ.

ಆದುದರಿಂದ ನನ್ನ ಬಿನ್ನಹವಿಷ್ಟು. ಪ್ರಶ್ನಾವಳಿಯನ್ನು ಚೀಲದಲ್ಲಿಡಿರಿ, ಹೊಲದ ಕೆಲಸ ಮುಗಿದು ಹೆಂಗಸರು ಮನೆಗೆ ಬರುವ ಸಂಜೆಯ ಹೊತ್ತಿಗೆ ಹೋಗಿರಿ, ನಿಂತು ಕೇಳಬೇಡಿರಿ, ಕುಳಿತು ಕೇಳಿರಿ. ವಿದ್ಯಾರ್ಥಿನಿಯರೇ, ಮಹಾವಿದ್ವಾಂಸರಿಗೆ ತೆರೆಯದ ಒಳಮನೆಗಳು ನಿಮಗೆ ತೆರೆದಿವೆ. ನಿಮ್ಮಲ್ಲಿ ಯಾರು ದಲಿತ ಕೇರಿಗಳಿಂದ, ತಾಂಡಾಗಳಿಂದ, ದೇವದಾಸಿ ತಾಯಂದಿರ ಮನೆಗಳಿಂದ ಓದಲು ಬಂದಿದ್ದೀರೋ ಅವರು ಈ ವಿದ್ಯೆಗೆ ವಸ್ತುವಾಗಿ ಇದ್ದುದು ಸಾಕು, ಇನ್ನು ಅದರ ಕರ್ತೃಗಳಾಗಬೇಕು. ವಿದ್ಯಾರ್ಥಿಗಳೇ, ನಿಮ್ಮೂರಿನ ಗಂಡಸರು ತಾವು ಗಂಡಸರಾಗುವುದನ್ನು ಎಲ್ಲಿ, ಯಾರಿಂದ, ಯಾವ ಭಯದಿಂದ ಕಲಿತರೆಂದು ಕೇಳಿರಿ. ಆ ಪ್ರಶ್ನೆಯನ್ನು ನಿಮ್ಮಷ್ಟು ಸಮೀಪದಿಂದ ಬೇರೆ ಯಾರೂ ಕೇಳಲಾರರು. ಹೇಳಿದವಳ ಒಪ್ಪಿಗೆಯಿಲ್ಲದೆ ಒಂದು ಮಾತನ್ನೂ ಅಚ್ಚಿಗೆ ಕೊಡಬೇಡಿರಿ, ಹೆಸರನ್ನು ಮರೆಮಾಡಿರಿ, ಬರೆದುದನ್ನು ಕೊಂಡುಹೋಗಿ ಅವಳಿಗೆ ಓದಿ ಹೇಳಿರಿ, ಅವಳು ತಪ್ಪೆಂದಲ್ಲಿ ತಿದ್ದಿರಿ. ಅಧ್ಯಾಪಕ ಮಹಾಶಯರು ಇಂತಹ ಬರಹವನ್ನು ಪರೀಕ್ಷೆಯ ಕಿರುಪ್ರಬಂಧವೆಂದು ಅಂಕವಿತ್ತು ಕಪಾಟಿನಲ್ಲಿಡದೆ, ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿಯೂ ಹಳ್ಳಿಯ ಹೆಸರಿನಲ್ಲಿ ಒಂದೊಂದು ಸಂಪುಟವಾಗಿ ಕೂಡಿಸಿಡಬೇಕೆಂದು ಅವರನ್ನೂ ಪ್ರಾರ್ಥಿಸುತ್ತೇನೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಓಣಿಯ ಅತ್ಯಂತ ವೃದ್ಧೆಯಾದ ಹೆಣ್ಣುಮಗಳಿಂದಲೇ ಈ ಕಾರ್ಯವನ್ನು ಆರಂಭಿಸಿರಿ.

ಇತಿ,
ನಿಮ್ಮ ಹಿತೈಷಿ
ರಾಯಚೂರು